ಕಾಶಿ ಎರಡು ಗಂಟೆಯ ದಾರಿಯೇ?

ಮಳೆಗಾಲ ಮುಗಿದು ನವರಾತ್ರಿ ಸಮೀಪಿಸಿತೆಂದರೆ ಮಹಾನಗರದ ನಮ್ಮ ಸಂಘ-ಸಂಸ್ಥೆಗಳ ಸೂಚನಾ ಫಲಕಗಳಲ್ಲಿ ತೀರ್ಥಯಾತ್ರೆಯ ಪ್ರಕಟಣೆಗಳು ಕಾಣಿಸಿಕೊಳ್ಳುವುದು ವಾಡಿಕೆ. ಹಿಂದೆ ಇಂಥ ಪ್ರಕಟಣೆಗಳಲ್ಲಿ ರೈಲಿನ ಹೆಸರು, ಹೊರಡುವ ನಿಲ್ದಾಣ, ಹಾಸಿಗೆ-ಬುತ್ತಿಯ ಸೂಚನೆ ಇರುತ್ತಿತ್ತು. ಈಗ ದಪ್ಪಕ್ಷರದಲ್ಲಿ ಎದ್ದು ಕಾಣುವುದು ಒಂದೇ ಸಾಲು: ‘ವಿಮಾನದಲ್ಲಿ ಕಾಶಿಗೆ ಕೇವಲ ಎರಡೂಕಾಲು ಗಂಟೆ’. ಈ ಸಾಲು ಸುಳ್ಳಲ್ಲ. ಆದರೆ ಅದನ್ನೇ ನೆಚ್ಚಿಕೊಂಡು ಎಪ್ಪತ್ತು ದಾಟಿದ ಹಿರಿಯರನ್ನು ‘ಇಂದು ಬೆಳಿಗ್ಗೆ ಹೊರಟು ನಾಳೆ ರಾತ್ರಿ ಮನೆಗೆ’ ಎಂಬ ಕಾರ್ಯಕ್ರಮಕ್ಕೆ ಹೆಸರು ನೋಂದಾಯಿಸಿಕೊಳ್ಳುವ ಮುನ್ನ ನಮ್ಮ ಪದಾಧಿಕಾರಿಗಳು ಕಾಗದ-ಪೆನ್ಸಿಲು ಹಿಡಿದು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳಿತು.

ಮೊದಲು ದೂರದ ಲೆಕ್ಕ. ಮುಂಬಯಿ ವಿಮಾನ ನಿಲ್ದಾಣದಿಂದ ವಾರಾಣಸಿಯ ಲಾಲ್ ಬಹಾದೂರ್ ಶಾಸ್ತ್ರಿ ವಿಮಾನ ನಿಲ್ದಾಣಕ್ಕೆ ಭೂಗೋಳದ ಮೇಲೆ ನೆಟ್ಟಗೆ ಗೆರೆ ಎಳೆದರೆ ಸುಮಾರು 1,250 ಕಿಲೋಮೀಟರ್. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದಾದರೆ ಸುಮಾರು 1,465 ಕಿಲೋಮೀಟರ್. ಅಂದರೆ ಊರಿನಲ್ಲಿರುವ ನಮ್ಮ ಬಂಧುಗಳಿಗಿಂತ ನಾವು ಕಾಶಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಹತ್ತಿರದವರು. ರೈಲಿನಲ್ಲಿ ಮುಂಬಯಿಯಿಂದ ಇಟಾರ್ಸಿ, ಜಬಲಪುರಗಳ ಮೂಲಕ ಸುಮಾರು 1,500 ಕಿಲೋಮೀಟರ್ ಆಗುತ್ತದೆ. ಮಹಾನಗರಿ ಎಕ್ಸ್‌ಪ್ರೆಸ್ಸಿನಂಥ ಗಾಡಿಗೂ ಇಪ್ಪತ್ತೇಳು-ಇಪ್ಪತ್ತೆಂಟು ಗಂಟೆ ಬೇಕು. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ಹಿಡಿದವರು ಎರಡು ರಾತ್ರಿ ಗಾಡಿಯಲ್ಲೇ ಕಳೆದು, ಮೊಘಲ್‌ಸರಾಯ್ ಎಂದು ನಾವೆಲ್ಲ ಕರೆಯುತ್ತಿದ್ದ, 2018ರಲ್ಲಿ ಪಂಡಿತ್ ದೀನದಯಾಳ್ ಉಪಾಧ್ಯಾಯರ ಹೆಸರು ಪಡೆದ ಜಂಕ್ಷನ್‌ನಲ್ಲಿ ಇಳಿಯಬೇಕು.

ಇನ್ನು ಸಮಯ. ವಿಮಾನ ಆಕಾಶದಲ್ಲಿ ಸಮವೇಗಕ್ಕೆ ಬಂದ ಮೇಲೆ ಗಂಟೆಗೆ ಎಂಟುನೂರು ಕಿಲೋಮೀಟರಿಗೂ ಮಿಕ್ಕಿ ಓಡುತ್ತದೆ. 1,250ನ್ನು ಆ ವೇಗದಿಂದ ಭಾಗಿಸಿದರೆ ಬರುವುದು ಒಂದೂವರೆ ಗಂಟೆ. ಹಾಗಿದ್ದರೆ ಟಿಕೆಟ್ಟಿನಲ್ಲಿ ಎರಡೂಕಾಲು ಗಂಟೆ ಏಕೆ? ಉಳಿದ ಮುಕ್ಕಾಲು ಗಂಟೆ ಹೋಗುವುದು ನೆಲದ ಮೇಲೆ ಸರದಿಯಲ್ಲಿ ನಿಲ್ಲುವುದಕ್ಕೆ, ಮೇಲೇರುವುದಕ್ಕೆ, ಇಳಿಯುವ ಮುನ್ನ ವೇಗ ತಗ್ಗಿಸಿ ಸುತ್ತು ಬರುವುದಕ್ಕೆ. ಮುಂಬಯಿ ನಿಲ್ದಾಣದ ಎರಡು ಓಡುದಾರಿಗಳು ಒಂದನ್ನೊಂದು ಕತ್ತರಿಸುವುದರಿಂದ ಒಂದು ಹೊತ್ತಿಗೆ ಒಂದನ್ನಷ್ಟೇ ಬಳಸಬೇಕಾಗುತ್ತದೆ. ಇಲ್ಲಿ ಸಾಲು ಉದ್ದವಾಗಲು ಅದೂ ಒಂದು ಕಾರಣ. ವಿಮಾನ ತನ್ನ ನಿಲುಗಡೆಯಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನ ನಿಲುಗಡೆಯಲ್ಲಿ ನಿಂತ ಕ್ಷಣದವರೆಗಿನ ಈ ಅವಧಿಗೆ ವಿಮಾನಯಾನದವರು ‘ಬ್ಲಾಕ್ ಟೈಮ್’ ಎನ್ನುತ್ತಾರೆ. ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಅದೇ.

ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಕೆಲವು ನಿಮಿಷಗಳ ವ್ಯತ್ಯಾಸ ಇರುವುದನ್ನು ಕೆಲವರು ಗಮನಿಸಿರಬಹುದು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹೊಳೆಯೇ ಹರಿಯುತ್ತಿರುತ್ತದೆ. ಈಶಾನ್ಯಕ್ಕೆ ಹೊರಟ ನಮಗೆ ಅದು ಬೆನ್ನಿಗೆ ಬೀಸುವ ಗಾಳಿ, ಹಿಂದಿರುಗುವಾಗ ಎದುರುಗಾಳಿ. ಬರುವ ವಿಮಾನ ತುಸು ತಡವಾದರೆ ಪೈಲಟನ ಮೇಲೆ ಕೋಪಗೊಳ್ಳಬೇಕಾಗಿಲ್ಲ.

ಆದರೆ ಯಾತ್ರಿಕನು ಪ್ರಯಾಣಿಸುವುದು ನಿಲುಗಡೆಯಿಂದ ನಿಲುಗಡೆಗೆ ಅಲ್ಲವಷ್ಟೆ. ಅವನು ಹೊರಡುವುದು ಡೊಂಬಿವಲಿಯ ಮೂರನೇ ಮಾಳಿಗೆಯಿಂದ, ಮೀರಾರೋಡಿನ ಸೊಸೈಟಿಯಿಂದ. ಅವನಿಗೆ ತಲುಪಬೇಕಾಗಿರುವುದು ಗಂಗೆಯ ಮೆಟ್ಟಿಲು. ಡೊಂಬಿವಲಿಯಿಂದ ವಿಮಾನ ನಿಲ್ದಾಣಕ್ಕೆ ರಸ್ತೆ ಸುಗಮವಾಗಿದ್ದರೂ ಎರಡು ಗಂಟೆ ಇಟ್ಟುಕೊಳ್ಳಬೇಕು. ವಿಮಾನ ಹೊರಡುವುದಕ್ಕೆ ಎರಡು ಗಂಟೆ ಮೊದಲು ಅಲ್ಲಿರಬೇಕು. ಹಾರಾಟ ಎರಡೂಕಾಲು ಗಂಟೆ. ಇಳಿದು ಸಾಮಾನು ಕೈಗೆ ಬರುವಾಗ ನಲವತ್ತು ನಿಮಿಷ. ವಿಮಾನ ನಿಲ್ದಾಣವಿರುವ ಬಾಬತ್‌ಪುರ ಕಾಶಿಯಿಂದ ಸುಮಾರು 25 ಕಿಲೋಮೀಟರ್ ಹೊರಗಿದೆ. ಬಾಬತ್‌ಪುರ ರಸ್ತೆ 2018ರ ನವೆಂಬರಿನಲ್ಲಿ ಚತುಷ್ಪಥವಾಗಿ ಉದ್ಘಾಟನೆಗೊಂಡ ಮೇಲೆ ಹಿಂದಿನ ಕಷ್ಟ ಎಷ್ಟೋ ಕಡಿಮೆಯಾಗಿದೆ. ಆದರೂ ಊರೊಳಗಿನ ಸಂದಣಿ ಸೇರಿ ಒಂದೂಕಾಲು ಗಂಟೆ ಬೇಕು. ಗೊದೌಲಿಯಾ ಸಮೀಪಿಸಿದ ಮೇಲೆ ದೊಡ್ಡ ವಾಹನಕ್ಕೆ ದಾರಿಯಿಲ್ಲ. ಬ್ಯಾಟರಿ ರಿಕ್ಷಾ ಹಿಡಿಯಬೇಕು, ಇಲ್ಲವೇ ಕಾಲ್ನಡಿಗೆ. ಅದಕ್ಕೆ ಅರ್ಧ ಗಂಟೆ. ಎಲ್ಲವನ್ನೂ ಕೂಡಿಸಿದರೆ ಎಂಟು ಗಂಟೆ ನಲವತ್ತು ನಿಮಿಷ. ಏನೂ ತೊಂದರೆಯಾಗದಿದ್ದ ದಿನದ ಲೆಕ್ಕವಿದು. ಪ್ರಕಟಣೆಯಲ್ಲಿ ಅಚ್ಚಾದ ಎರಡೂಕಾಲು ಗಂಟೆ ಈ ಪ್ರಯಾಣದ ಕಾಲು ಭಾಗ ಮಾತ್ರ.

ಬ್ಯಾಂಕಿನಲ್ಲಿ ಸಾಲದ ವ್ಯವಹಾರ ಬಲ್ಲವರಿಗೆ ಇದು ಹೊಸ ಮಾತಲ್ಲ. ‘ಕೇವಲ ಶೇಕಡಾ ಏಳು’ ಎಂದು ಫಲಕ ಹಾಕಿದ ಸಾಲಕ್ಕೆ ಪ್ರೊಸೆಸಿಂಗ್ ಶುಲ್ಕ, ವಿಮೆ, ಅಸಲು ತೀರುತ್ತಾ ಬಂದರೂ ಇಳಿಯದ ಬಡ್ಡಿ ಎಲ್ಲವನ್ನೂ ಸೇರಿಸಿದಾಗ ನಿಜವಾದ ದರ ಬೇರೆಯೇ ಆಗುತ್ತದೆ. ಫಲಕದಲ್ಲಿರುವುದು ಸುಳ್ಳಲ್ಲ, ಪೂರ್ತಿ ಸತ್ಯವೂ ಅಲ್ಲ. ಸಾಲಗಾರನು ಕಟ್ಟುವುದು ಕಂತನ್ನೇ ಹೊರತು ಫಲಕವನ್ನಲ್ಲ. ಹಾಗೆಯೇ ವಯಸ್ಸಾದವರ ಮೊಣಕಾಲು ಅನುಭವಿಸುವುದು ಒಂಬತ್ತು ಗಂಟೆಯನ್ನು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು ಅನುಸರಿಸಿ. ಆ ರೇಖೆ ಕಾಶಿಯ ಮಗ್ಗುಲಿನ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಮುಂಬಯಿ ಅಲ್ಲಿಂದ ಸುಮಾರು ಹತ್ತು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ನಲವತ್ತು ನಿಮಿಷ ತಡ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಆರಕ್ಕೆ ಸೂರ್ಯ ಮುಳುಗಿದರೆ ಕಾಶಿಯಲ್ಲಿ ಐದೂ ಹತ್ತಕ್ಕೇ ಕತ್ತಲಾಗಲು ತೊಡಗುತ್ತದೆ. ಮಧ್ಯಾಹ್ನದ ವಿಮಾನ ಹಿಡಿದು ನಾಲ್ಕೂವರೆಗೆ ಬಾಬತ್‌ಪುರದಲ್ಲಿ ಇಳಿದವರು ‘ಇನ್ನೂ ಹೊತ್ತಿದೆ, ದೋಣಿಯಲ್ಲಿ ಘಾಟುಗಳನ್ನು ನೋಡೋಣ’ ಎಂದುಕೊಂಡರೆ ಕೋಣೆಗೆ ಸಾಮಾನು ಇಳಿಸುವಷ್ಟರಲ್ಲೇ ಇರುಳಾಗಿರುತ್ತದೆ. ದಶಾಶ್ವಮೇಧದ ಗಂಗಾರತಿಗೆ ಆಗ ಜನಸಾಗರ. ಮರುದಿನ ಬೆಳಗ್ಗಿನ ಸ್ನಾನಕ್ಕೆ ನಾಲ್ಕೂವರೆಗೆ ಏಳಬೇಕು. ಒಂದೇ ರಾತ್ರಿಯ ಯಾತ್ರೆ ಎಂದರೆ ಹಿರಿಯರಿಗೆ ನಿದ್ದೆಯಿಲ್ಲದ ಯಾತ್ರೆ ಎಂದೇ ಅರ್ಥ.

ನಮ್ಮವರು ಹೆಚ್ಚಾಗಿ ಆರಿಸಿಕೊಳ್ಳುವ ಡಿಸೆಂಬರ್-ಜನವರಿ ತಿಂಗಳು ಬೇರೊಂದು ಕಾರಣಕ್ಕೂ ಕಷ್ಟಕರ. ಆಗ ಗಂಗಾ ಬಯಲಿನ ಮೇಲೆ ದಟ್ಟ ಮಂಜು ಕವಿಯುತ್ತದೆ. ಬೆಳಗಿನ ವಿಮಾನಗಳು ತಡವಾಗುವುದು, ರದ್ದಾಗುವುದು, ಬೇರೆ ಊರಿಗೆ ಹೋಗಿ ಇಳಿಯುವುದು ಅಲ್ಲಿ ಪ್ರತಿವರ್ಷದ ಮಾತು. ರೈಲುಗಳಿಗೂ ಅದೇ ಗತಿ. ಮಂಜಿನ ಮಾತಿರಲಿ, 2025ರ ಡಿಸೆಂಬರ್ ಮೊದಲ ವಾರದಲ್ಲಿ ವಿಮಾನ ಸಿಬ್ಬಂದಿಯ ಕೆಲಸದ ಅವಧಿಯ ಹೊಸ ನಿಯಮಕ್ಕೆ ತಕ್ಕ ಸಿದ್ಧತೆಯಿಲ್ಲದೆ ಸಾವಿರಾರು ಹಾರಾಟಗಳು ದೇಶದಾದ್ಯಂತ ರದ್ದಾದುದನ್ನು ಓದುಗರು ಮರೆತಿರಲಾರರು. ಮರುದಿನದ ವಿಮಾನಕ್ಕೆ ಕಟ್ಟಿಹಾಕಿಕೊಂಡ ಯಾತ್ರೆಯಲ್ಲಿ ಇಂಥದೊಂದು ನಡೆದರೆ ಮಾತ್ರೆಯ ಡಬ್ಬಿಯಲ್ಲಿ ಎಷ್ಟು ದಿನದ ಮಾತ್ರೆ ಇದೆ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಹಾರಾಟದ ಅವಧಿಯನ್ನು ತಿಳಿದಿರುವುದರಿಂದ ಒಂದು ಪ್ರಯೋಜನವೂ ಇದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಪ್ರಯಾಣಿಕನ ಹಕ್ಕನ್ನು ಅಳೆಯುವುದು ಇದೇ ಬ್ಲಾಕ್ ಟೈಮಿನಿಂದ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ ಸಮಯಕ್ಕೆ ಸರಿಯಾಗಿ ಬಂದ ಪ್ರಯಾಣಿಕರಿಗೆ ಊಟ-ಉಪಾಹಾರ ಕೊಡಬೇಕು. ಆರು ಗಂಟೆ ಮೀರಿದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸು ಕೇಳಬಹುದು. ಸಕಾಲದಲ್ಲಿ ತಿಳಿಸದೆ ರದ್ದುಪಡಿಸಿದರೆ ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗೆ 7,500, ಎರಡು ಗಂಟೆ ಮೀರಿದ್ದಕ್ಕೆ 10,000 ರೂಪಾಯಿ ಪರಿಹಾರ. ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಯಾವುದು ಕಡಿಮೆಯೋ ಅದು. ಮುಂಬಯಿ-ವಾರಾಣಸಿ ಎರಡು ಗಂಟೆ ಮೀರಿದ ಹಾರಾಟ. ಆದರೆ ಮಂಜಿನಂಥ, ಸಂಸ್ಥೆಯ ಕೈಮೀರಿದ ಕಾರಣಗಳಿಗೆ ಈ ಪರಿಹಾರ ಅನ್ವಯಿಸುವುದಿಲ್ಲ. ಆದ್ದರಿಂದ ಜನವರಿಯ ಯಾತ್ರಿಕನು ಪರಿಹಾರದ ಆಸೆ ಇಟ್ಟುಕೊಳ್ಳದೆ ಕೈಯಲ್ಲಿ ಒಂದು ಹೆಚ್ಚಿನ ದಿನ ಇಟ್ಟುಕೊಳ್ಳುವುದೇ ಲೇಸು.

ಹಾಗಾದರೆ ವಿಮಾನಯಾನವೇ ಬೇಡವೆನ್ನಬೇಕೆ? ಖಂಡಿತ ಇಲ್ಲ. ಹಿಂದಿನ ಕಾಲದಲ್ಲಿ ಕಾಶಿಗೆ ಹೊರಟವರು ತಿರುಗಿ ಬರುವ ಭರವಸೆಯಿಲ್ಲದೆ ಮನೆ-ಮಾರು ಮಕ್ಕಳಿಗೆ ವಹಿಸಿ ಹೊರಡುತ್ತಿದ್ದರು. ನಮ್ಮ ಮದುವೆಗಳಲ್ಲಿ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಡುವ ಮದುಮಗನನ್ನು ಹೆಣ್ಣಿನ ಕಡೆಯವರು ತಡೆದು ನಿಲ್ಲಿಸುವುದು ಇಂದು ತಮಾಷೆಯಾಗಿ ಕಂಡರೂ ಆ ದಾರಿಯ ಭಯ ಅದರೊಳಗೆ ಅಡಗಿದೆ. 1870ರಲ್ಲಿ ಮುಂಬಯಿಯಿಂದ ಜಬಲಪುರ, ಅಲಹಾಬಾದುಗಳ ಮೂಲಕ ಕಲ್ಕತ್ತೆಗೆ ರೈಲುದಾರಿ ಕೂಡಿಕೊಂಡಿತು. 1887ರಲ್ಲಿ ಕಾಶಿಯ ಬಳಿ ಗಂಗೆಗೆ ಸೇತುವೆಯಾಯಿತು. ಅಲ್ಲಿಂದ ಮುಂದೆ ತಿಂಗಳುಗಳ ಪಯಣ ದಿನಗಳದಾಯಿತು. ವಿಮಾನ ಅದನ್ನು ಗಂಟೆಗಳಿಗೆ ಇಳಿಸಿದೆ. ಇಪ್ಪತ್ತೆಂಟು ಗಂಟೆ ಸ್ಲೀಪರ್ ಬರ್ತಿನಲ್ಲಿ ಕುಳಿತಿರಲಾರದ, ಸಕ್ಕರೆ ಕಾಯಿಲೆಯುಳ್ಳ, ರಾತ್ರಿ ಮೂರು ಬಾರಿ ಏಳಬೇಕಾದ ಹಿರಿಯರಿಗೆ ವಿಮಾನವೊಂದು ವರ. ಈ ಸೌಕರ್ಯ ಬೆಳೆಯುತ್ತಲೂ ಇದೆ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟವು ವಾರಾಣಸಿ ನಿಲ್ದಾಣದ ವಿಸ್ತರಣೆಗೆ 2,869.65 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಹೊಸ ಟರ್ಮಿನಲ್, ಹಾಗೂ 4,075 ಮೀಟರಿಗೆ ಉದ್ದಗೊಳ್ಳುವ ಓಡುದಾರಿ ಅದರಲ್ಲಿ ಸೇರಿವೆ. ಇತ್ತ 2025ರ ಅಕ್ಟೋಬರಿನಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿದೆ. ಇನ್ನು ಮುಂದೆ ಟಿಕೆಟ್ ಮಾಡುವಾಗ ಯಾವ ನಿಲ್ದಾಣ ಎಂಬುದನ್ನೂ ನೋಡಬೇಕು. ಪನ್ವೇಲಿನವರಿಗೆ ಅನುಕೂಲವಾದದ್ದು ವಿರಾರದವರಿಗೆ ಅರ್ಧ ದಿನದ ಪ್ರಯಾಸವಾದೀತು.

ನಮ್ಮ ಕಳವಳವಿರುವುದು ಬೇರೆ ಕಡೆ. ಕಾಶಿ ಹತ್ತಿರವಾಗಿರುವುದು ಯಾರಿಗೆ? ಯಾತ್ರೆ ವಿಮಾನಕ್ಕೆ ಬದಲಾದಾಗಿನಿಂದ ಸಂಘದ ನೋಂದಣಿ ಪಟ್ಟಿಯಿಂದ ಕೆಲವು ಹೆಸರುಗಳು ಸದ್ದಿಲ್ಲದೆ ಕಾಣೆಯಾಗುತ್ತಿವೆ. ಅವರು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ, ಗಿರಣಿಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ವಾರ್ಷಿಕೋತ್ಸವದ ದಿನ ಕುರ್ಚಿ ಜೋಡಿಸಿ ಸಂಘವನ್ನು ಕಟ್ಟಿದವರು. ಪಿಂಚಣಿಯಿಲ್ಲದವರು. ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ವಿಮಾನದ ದರ ಹೆಚ್ಚಾದಾಗ ಅವರು ‘ಈ ಸಲ ಮೈಗೆ ಸೌಖ್ಯವಿಲ್ಲ’ ಎಂದು ಹೇಳಿ ಹಿಂದೆ ಸರಿಯುತ್ತಾರೆ. ಕಾರಣ ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ.

ಕಾಶಿಯಾತ್ರಿಕರ ಹಣದ ಭಾರ ಹೊರುವುದು ಕನ್ನಡ ನಾಡಿಗೆ ಹೊಸತಲ್ಲ. ಹೊಯ್ಸಳ ಮೂರನೇ ನರಸಿಂಹನು 1279ರಲ್ಲಿ ಹೆಬ್ಬಾಳೆ ಗ್ರಾಮದ 645 ನಿಷ್ಕಗಳ ವಾರ್ಷಿಕ ಆದಾಯವನ್ನು ಕಾಶಿಯಲ್ಲಿದ್ದವರು ತುರುಷ್ಕರಿಗೆ ತೆರಬೇಕಾಗಿದ್ದ ತೆರಿಗೆಗಾಗಿ, ವಿಶ್ವೇಶ್ವರನ ಸೇವೆಗಾಗಿ ಬಿಟ್ಟುಕೊಟ್ಟ ಶಾಸನವಿದೆ. ಕರ್ನಾಟಕದವರಿಗಷ್ಟೇ ಅಲ್ಲದೆ ತೆಲುಂಗು, ತುಳು, ಮಲೆಯಾಳ ಮೊದಲಾದ ನಾಡಿನವರಿಗೂ ಆ ದಾನ ಸಲ್ಲುತ್ತಿತ್ತು. ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು 1916ರಲ್ಲಿ ಸ್ಥಾಪನೆಯಾದ ಕಾಶಿ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಗಳಾದರು. ಗಂಗೆಯ ದಡದಲ್ಲಿ ಹನುಮಾನ್ ಘಾಟಿನ ಬಳಿ ಕರ್ನಾಟಕದ ಹೆಸರಿನ ಘಾಟು ಇಂದಿಗೂ ಇದೆ. ಗೊದೌಲಿಯಾ ಸಮೀಪದ ಜಂಗಮವಾಡಿ ಮಠದ ಅಂಗಳದಲ್ಲಿ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ.

ಇತ್ತೀಚೆಗೆ ಕರ್ನಾಟಕ ಸರಕಾರವೂ ಈ ಹೊಣೆಯನ್ನು ನೆನಪಿಸಿಕೊಂಡಿತು. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ‘ಭಾರತ್ ಗೌರವ್ ಕಾಶಿ ದರ್ಶನ’ ರೈಲು ಹೊರಟಾಗ ಪ್ರತಿ ಯಾತ್ರಿಕರಿಗೆ 5,000 ರೂಪಾಯಿ ಸಹಾಯಧನವಿತ್ತು. ಅದೇ ದಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು ಒಂದು ಯೋಗಾಯೋಗ. ಒಂದೇ ದಿನ ಒಂದೇ ಊರಿನಿಂದ ಕಾಶಿಗೆ ಎರಡು ಬಾಗಿಲು ತೆರೆದಂತಾಯಿತು. ಆದರೆ ಈ ಸಹಾಯಧನ ಕರ್ನಾಟಕದ ಖಾಯಂ ನಿವಾಸಿಗಳಿಗೆ. ಐವತ್ತು ವರ್ಷಗಳಿಂದ ಮುಂಬಯಿ ವಿಳಾಸದ ರೇಷನ್ ಕಾರ್ಡ್ ಇರುವ ನಮ್ಮವರಿಗೆ ಅದು ದಕ್ಕುವುದಿಲ್ಲ. ಏಳುನೂರು ವರ್ಷಗಳ ಹಿಂದಿನ ಅರಸನ ದಾನಕ್ಕೆ ನಾಡಿನ ಗಡಿ ಅಡ್ಡಬಂದಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಮಹಾರಾಷ್ಟ್ರ ಸರಕಾರವು 2024ರಲ್ಲಿ ಮುಖ್ಯಮಂತ್ರಿ ತೀರ್ಥದರ್ಶನ ಯೋಜನೆಯನ್ನು ಘೋಷಿಸಿತು. ಅರವತ್ತು ದಾಟಿದ, ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ಮೀರದ ರಾಜ್ಯದ ನಿವಾಸಿಗಳಿಗೆ ತಲಾ 30,000 ರೂಪಾಯಿವರೆಗಿನ ವೆಚ್ಚ ಭರಿಸುವ ಯೋಜನೆಯದು. ನಾವು ತೆರಿಗೆ ಕಟ್ಟುವುದೂ ಮತ ಹಾಕುವುದೂ ಈ ರಾಜ್ಯದಲ್ಲಿ. ಅರ್ಹರನ್ನು ಹುಡುಕಿ ಅರ್ಜಿ ಬರೆದುಕೊಡುವ ಕೆಲಸವನ್ನು ಸಂಘಗಳ ಯುವ ವಿಭಾಗ ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರೆ ಬೇಕಿಲ್ಲ.

ಯಾತ್ರೆ ಏರ್ಪಡಿಸುವ ಸಂಘಗಳ ಮುಂದೆ ಕೆಲವು ಸಲಹೆಗಳನ್ನು ಇಡಬಯಸುತ್ತೇವೆ. ಪ್ರಕಟಣೆಯಲ್ಲಿ ಹಾರಾಟದ ಅವಧಿಯ ಜತೆಗೆ ಮನೆಯಿಂದ ಘಾಟಿನವರೆಗಿನ ಒಟ್ಟು ಸಮಯವನ್ನೂ ಅಚ್ಚು ಹಾಕಲಿ. ಕಾಶಿಯಲ್ಲಿ ಕನಿಷ್ಠ ಎರಡು ರಾತ್ರಿಯ ವಾಸ್ತವ್ಯವಿರಲಿ, ಬಂದಿಳಿದ ದಿನ ವಿಶ್ರಾಂತಿಗೆ ಮೀಸಲಾಗಿರಲಿ. ಮಂಜಿನ ತಿಂಗಳುಗಳನ್ನು ಬಿಟ್ಟು ಅಕ್ಟೋಬರ್-ನವೆಂಬರ್ ಅಥವಾ ಫೆಬ್ರವರಿ-ಮಾರ್ಚ್‌ನಲ್ಲಿ ಹೊರಡಲಿ. ನಡೆಯಲಾರದವರಿಗೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿಡಲಿ. 2021ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡ ವಿಶ್ವನಾಥ ಧಾಮದಿಂದಾಗಿ ಗಂಗೆಯ ಕಡೆಯಿಂದಲೇ ದೇವಸ್ಥಾನಕ್ಕೆ ಬರಲು ವಿಶಾಲ ದಾರಿಯಾಗಿದೆ. ಇಕ್ಕಟ್ಟಿನ ಓಣಿಗಳಲ್ಲಿ ಹಿರಿಯರನ್ನು ಅಲೆಸುವುದನ್ನು ಅದರಿಂದ ತಪ್ಪಿಸಬಹುದು. ಗಂಗಾಜಲವನ್ನು ಭದ್ರವಾಗಿ ಮುಚ್ಚಿ ದೊಡ್ಡ ಸಾಮಾನಿನೊಳಗೆ ಇಡುವುದು ಲೇಸು. ಅಸ್ಥಿ ವಿಸರ್ಜನೆಗೆ ಹೋಗುವವರು ಮರಣ ಪ್ರಮಾಣಪತ್ರ, ದಹನದ ರಸೀದಿ ಜತೆಗಿಟ್ಟುಕೊಂಡು ವಿಮಾನ ಸಂಸ್ಥೆಯನ್ನು ಮೊದಲೇ ವಿಚಾರಿಸಿರಲಿ. ದುಃಖದ ಹೊತ್ತಿನಲ್ಲಿ ತಪಾಸಣೆಯ ಬಾಗಿಲಲ್ಲಿ ವಾದಿಸುವಂತಾಗಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಒಂದೇ ವಾಹನದಲ್ಲಿ ಹೋಗಬೇಕೆಂಬ ಹಟ ಬೇಡ. ಗಟ್ಟಿಮುಟ್ಟಾದವರು ಮೊದಲು ರೈಲಿನಲ್ಲಿ ಹೊರಟು ಕೋಣೆ, ಊಟ, ಪುರೋಹಿತರ ವ್ಯವಸ್ಥೆ ನೋಡಿಕೊಳ್ಳಲಿ. ವೃದ್ಧರೂ ಅಶಕ್ತರೂ ಮರುದಿನ ವಿಮಾನದಲ್ಲಿ ಬಂದಿಳಿಯಲಿ. ರೈಲಿನಲ್ಲಿ ಹೋದವರು ಉಳಿಸಿದ ಹಣದ ಒಂದು ಪಾಲನ್ನು ಸಂಘದ ನಿಧಿಗೆ ಕೊಟ್ಟರೆ, ದಾನಿಗಳು ಅದಕ್ಕೆ ಸಮನಾಗಿ ಸೇರಿಸಿದರೆ, ಪ್ರತಿ ಯಾತ್ರೆಯಲ್ಲಿ ಕನಿಷ್ಠ ನಾಲ್ಕು ಜನ ಪಿಂಚಣಿಯಿಲ್ಲದ ಹಿರಿಯರಿಗೆ ವಿಮಾನದ ಕಿಟಕಿಯ ಪಕ್ಕದ ಸೀಟು ಸಿಕ್ಕೀತು. ಅವರ ಹೆಸರನ್ನು ವೇದಿಕೆಯಲ್ಲಿ ಕೂಗಿ ಹೇಳಬೇಕಾಗಿಲ್ಲ, ಚೆಕ್ಕು ಕೊಡುವ ಫೋಟೋ ತೆಗೆಯಬೇಕಾಗಿಲ್ಲ. ಖಜಾಂಚಿಯ ಪುಸ್ತಕದಲ್ಲಿ ಒಂದು ಸಾಲು ಸಾಕು.

ಮುಂಬಯಿಗೂ ಕಾಶಿಗೂ ನಡುವಿನ 1,250 ಕಿಲೋಮೀಟರಿನಲ್ಲಿ ಒಂದು ಮೀಟರನ್ನೂ ಯಾರೂ ಕಡಿಮೆ ಮಾಡಲಾರರು. ಹಾರಾಟದ ಸಮಯ ವಿಮಾನ ಸಂಸ್ಥೆಯ ಕೈಯಲ್ಲಿದೆ, ಮಂಜು ಯಾರ ಕೈಯಲ್ಲೂ ಇಲ್ಲ. ಆದರೆ ಯಾರು ಹೊರಡುತ್ತಾರೆ, ಯಾರು ಹಿಂದೆ ಉಳಿಯುತ್ತಾರೆ ಎಂಬುದು ನಮ್ಮ ಸಂಘಗಳ ಕೈಯಲ್ಲೇ ಇದೆ. ಈ ವರ್ಷದ ಯಾತ್ರೆಯ ಪಟ್ಟಿ ಸಿದ್ಧವಾಗುವ ಮುನ್ನ ಆಡಳಿತ ಮಂಡಳಿಗಳು ಕಳೆದ ಹತ್ತು ವರ್ಷಗಳ ಪಟ್ಟಿಗಳನ್ನು ತೆಗೆದು, ಬಿಟ್ಟುಹೋದ ಹೆಸರುಗಳು ಯಾವುವು ಎಂದು ನೋಡಲಿ.